ಸುತ್ತಲೂ ಸ್ವಲ್ಪ

ಮೊಮ್ಮಗಳ ಎಡ ಮುಂಗೈಯ ಮೇಲೆ ಆ ವೃತ್ತ ಮೊದಲು ಕಾಣಿಸಿಕೊಂಡಾಗ ಅದನ್ನು ಮೆಚ್ಚಿಕೊಂಡವನು ಮನೆಯಲ್ಲಿ ನಾನೊಬ್ಬನೇ. ಅಂಗಿಯ ಗುಂಡಿಯಷ್ಟು ಅಗಲ. ಅಂಚು ಮಾತ್ರ ಕೆಂಪಗೆ, ತುಸು ಉಬ್ಬಿಕೊಂಡು. ನಡುವಿನ ಚರ್ಮ ಬಹುತೇಕ ತಿಳಿ. ಕೈವಾರವಿಲ್ಲದೆ ಅಷ್ಟು ಗುಂಡಗಿನ ಗೆರೆ ಎಳೆಯುವುದು ಎಷ್ಟು ಕಷ್ಟವೆಂದು ಮೂವತ್ತೆಂಟು ವರ್ಷ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದವನಿಗೆ ಗೊತ್ತಿರುತ್ತದೆ. ಎಂಥ ಗೆರೆ, ಎಂದೆ. ನನ್ನ ಮಗಳು ಒಮ್ಮೆ ನನ್ನ ಮುಖ ನೋಡಿ, "ಅದು ಹುಳುಕಡ್ಡಿ ಅಪ್ಪಾ," ಎಂದಳು.

ಹೆಸರಿನಲ್ಲಿ ಹುಳು ಇದ್ದರೂ ಅದರಲ್ಲಿ ಹುಳುವಿಲ್ಲ; ಹಳೆಯ ಬ್ರೆಡ್ಡಿನ ಮೇಲೆ ಹರಡುವಂಥ ಒಂದು ಬೂಷ್ಟು ಚರ್ಮವನ್ನು ಹಿಡಿದಿರುತ್ತದೆ, ಅಷ್ಟೆ. ಇದೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಓದಿನಿಂದ. ನಮ್ಮ ಪ್ರಾಯದ ಕಾಲದ ಹೊಸ ಕವಿತೆಯಲ್ಲಿ ಹುಣ್ಣು, ಕೀವು, ಕಜ್ಜಿ, ತುರಿಕೆಗಳಿಗೆ ಯಾವತ್ತೂ ಬರವಿರಲಿಲ್ಲ. ಊರುಗಳು ಹುಣ್ಣಾಗುತ್ತಿದ್ದವು, ನೆನಪುಗಳು ಹಕ್ಕಳೆ ಕಿತ್ತ ಗಾಯಗಳಾಗುತ್ತಿದ್ದವು, ದೇವರು ಕೂಡ ಒಮ್ಮೊಮ್ಮೆ ಮೈ ತುರಿಸಿಕೊಳ್ಳುತ್ತಿದ್ದ. ಅವನ್ನೆಲ್ಲ ಬಾಯಿಪಾಠ ಮಾಡಿ ಮುದುಕರಾದ ನನ್ನಂಥವರಿಗೆ ರೋಗವೆಂದರೆ ಮೊದಲು ಪ್ರತಿಮೆ, ಆಮೇಲೆ ರೋಗ. ಮುಲಾಮು ಹಚ್ಚುವುದು ಹೇಗೆಂದು ಮಾತ್ರ ಯಾವ ಕವಿಯೂ ಬರೆದಿರಲಿಲ್ಲ.

ಹುಡುಗಿಗೆ ಎಂಟು ವರ್ಷ. ಶಾಲೆಯ ಹಾಜರಿ ಪುಸ್ತಕದಲ್ಲಿ ಉದ್ದನೆಯ ಹೆಸರೊಂದಿದೆ. ಮನೆಯಲ್ಲಿ ಅವಳು ಚೂಟಿ. ತಂದೆ ಸರಕು ಹಡಗಿನಲ್ಲಿ ಇಂಜಿನ್ ನೋಡಿಕೊಳ್ಳುವವನು, ವರ್ಷದಲ್ಲಿ ಒಂಬತ್ತು ತಿಂಗಳು ನೀರಿನ ಪಾಲು. ತಾಯಿ ನಗರದ ಬಸ್ಸು ಓಡಿಸುತ್ತಾಳೆ. ಒಂದು ವಾರ ಬೆಳಗಿನ ಪಾಳಿಯಾದರೆ ಮರುವಾರ ಮಧ್ಯಾಹ್ನದ್ದು. ಹೀಗಾಗಿ ಚೂಟಿಯ ಜಡೆ, ಊಟದ ಡಬ್ಬಿ, ಬಾಯಿಪಾಠ, ಹಲ್ಲು ಬಿದ್ದ ದಿನದ ಸಮಾಧಾನ, ಇವೆಲ್ಲ ನನ್ನ ಪಾಲಿಗೆ ಬಂದಿದ್ದವು. ವೃತ್ತವೂ ಬಂತು.

ಬೀದಿಯ ತಿರುವಿನ ಔಷಧಿ ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ, ಮುಟ್ಟದೆ ದೂರದಿಂದಲೇ ಕೈ ನೋಡಿ ಒಂದು ಟ್ಯೂಬು ಕೊಟ್ಟ. ಎಲ್ಲದಕ್ಕೂ ಆಗುತ್ತದೆ ಎಂದ. ಎಲ್ಲದಕ್ಕೂ ಆಗುವಂಥದ್ದರ ಬಗ್ಗೆ ಕವಿತೆಯಲ್ಲಾದರೆ ನನಗೆ ಮೊದಲಿನಿಂದ ಸಂಶಯ, ಔಷಧಿಯಲ್ಲಿ ಬರಲಿಲ್ಲ. ಮೂರು ದಿನದಲ್ಲಿ ಕೆಂಪು ಇಳಿಯಿತು, ತುರಿಕೆ ನಿಂತಿತು, ನಾವು ಟ್ಯೂಬನ್ನು ಕಪಾಟಿಗೆ ಸೇರಿಸಿದೆವು. ಹತ್ತನೆಯ ದಿನ ಅದು ನೆಂಟರನ್ನೂ ಕರೆದುಕೊಂಡು ಬಂದವರ ಹಾಗೆ ಮರಳಿ ಬಂತು. ಮತ್ತೆ ಹಚ್ಚಿದೆವು, ಮತ್ತೆ ಮಾಯವಾಯಿತು, ಮತ್ತೆ ಬಂತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಗುಂಡಿಯಷ್ಟಿದ್ದದ್ದು ದೊಡ್ಡ ನಾಣ್ಯದಷ್ಟಾಗಿ, ಅಂಚು ಕಲಸಿಹೋಗಿ, ಶಾಲೆಯವರ ಕಣ್ಣಿಗೂ ಬಿತ್ತು.

ತರಗತಿಯ ಟೀಚರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಕಾದು ನಾನು ಹಗುರಾಗಬಹುದಿತ್ತು. ಅವರು ದುಂಡು ಅಕ್ಷರದಲ್ಲಿ, ತುಂಬ ಮರ್ಯಾದೆಯಿಂದ, ಉಳಿದ ಮಕ್ಕಳ ದೃಷ್ಟಿಯಿಂದ ಚೂಟಿಯನ್ನು ಸದ್ಯಕ್ಕೆ ಕಿಟಕಿಯ ಬಳಿಯ ಪುಟ್ಟ ಮೇಜಿಗೆ ಕೂರಿಸಿರುವುದಾಗಿ, ಪೂರ್ತಿ ವಾಸಿಯಾಯಿತೆಂದು ಡಾಕ್ಟರ ಚೀಟಿ ತಂದ ದಿನ ಮರಳಿ ಬೆಂಚಿಗೆ ಕಳಿಸುವುದಾಗಿ ಬರೆದಿದ್ದರು. ಆ ಮೇಜಿನ ಮೇಲೆ ಅಲ್ಲಿಯವರೆಗೆ ಭೂಗೋಳದ ಗುಂಡು ಇರುತ್ತಿತ್ತಂತೆ. ಅದನ್ನು ಕಪಾಟಿನ ಮೇಲಿಟ್ಟು ಆ ಜಾಗಕ್ಕೆ ಇವಳನ್ನು ಇಟ್ಟಿದ್ದರು.

ಬೆಂಚಿನಲ್ಲಿ ಚೂಟಿಯ ಪಕ್ಕ ಕೂರುತ್ತಿದ್ದವಳನ್ನು ಎಲ್ಲರೂ ಪೆನ್ಸಿಲ್ ಎನ್ನುತ್ತಾರೆ. ಅಷ್ಟು ಸಣಕಲು, ಅಷ್ಟು ಉದ್ದ. ಇಬ್ಬರದೂ ಒಂದೇ ರಬ್ಬರು, ಒಂದೇ ಗುಟ್ಟು, ಒಂದೇ ಕಾರಣಕ್ಕೆ ಇಬ್ಬರಿಗೂ ಬೈಗುಳ. ನಡುವರ್ಷದ ಪರೀಕ್ಷೆ ಬರೆಯಲು ಕೂತ ಜಾಗವೇ ವರ್ಷಪೂರ್ತಿ ಖಾಯಂ ಎಂಬುದು ಆ ಶಾಲೆಯ ಪದ್ಧತಿ. ಪೆನ್ಸಿಲ್ ಪಕ್ಕಕ್ಕೆ ಬರಲು ಮುಂದಿನ ಸಾಲಿನ ಹುಡುಗಿಯೊಬ್ಬಳು ಆಗಲೇ ಚೀಲ ಕಟ್ಟಿ ತಯಾರಾಗಿದ್ದಾಳೆ ಎಂಬ ಸುದ್ದಿಯೂ ನಮ್ಮ ಮನೆಗೆ ಮುಟ್ಟಿತು. ಒಟ್ಟಿನಲ್ಲಿ ಚೂಟಿಗೆ ಬೇಕಾಗಿದ್ದದ್ದು ರೋಗ ವಾಸಿಯಾಗುವುದಲ್ಲ. ಎರಡನೆಯ ಸಾಲಿನ ಬೆಂಚಿನ ಎಡತುದಿ. ಅದಕ್ಕೆ ಉಳಿದದ್ದು ಎರಡು ತಿಂಗಳು.

ಅವಳಿಗೆ ಧೈರ್ಯ ತುಂಬುವ ಕೆಲಸವನ್ನು ನಾನು ನನಗೆ ತಿಳಿದ ರೀತಿಯಲ್ಲಿ ಮಾಡಿದೆ. ಇದು ರೋಗವಲ್ಲ ಮಗೂ, ಒಂದು ದ್ವೀಪ, ಎಂದೆ. ಚರ್ಮವೆಂಬ ಕಡಲಿನಲ್ಲಿ ಎದ್ದ ಕೆಂಪು ದಡ, ನಡುವೆ ಯಾರೂ ಕಾಲಿಡದ ಬಯಲು. ಅದಕ್ಕೊಂದು ಹೆಸರಿಡಲು ಹೇಳಿದೆ. ಅವಳ ಕಣ್ಣು ಅರಳಿತು, ಅಳು ನಿಂತಿತು, ನನಗೆ ನನ್ನ ಮೇಲೆ ಅಭಿಮಾನ ಉಕ್ಕಿತು. ಮರುದಿನ ಅವಳು ಅದನ್ನು ಶಾಲೆಯಲ್ಲಿ ಹೇಳಿದ್ದಾಳೆ. ವಾರ ತುಂಬುವುದರೊಳಗೆ ತರಗತಿಯಲ್ಲಿ ಅವಳ ಹೆಸರೇ ದ್ವೀಪ ಎಂದಾಗಿತ್ತು. ಜಡೆ ಹಾಕಿಸಿಕೊಳ್ಳುತ್ತಾ ಒಂದು ಬೆಳಿಗ್ಗೆ, ಬೆನ್ನು ನನ್ನ ಕಡೆಗೆ ಮಾಡಿ, ಅವಳು ಕೇಳಿದಳು:

"ಅಜ್ಜ, ದ್ವೀಪ ಅಂದ್ರೆ ಸುತ್ತಲೂ ಯಾರೂ ಇರಲ್ಲ ಅಂತ ತಾನೆ?"

ನೀರಿರುತ್ತದೆ ಎಂದೆ. ಭೂಗೋಳದ ದೃಷ್ಟಿಯಿಂದ ಅದು ಸರಿಯಾದ ಉತ್ತರ.

ಚರ್ಮದ ಡಾಕ್ಟರ ಬಳಿಗೆ ಚೂಟಿಯನ್ನು ಕರೆದೊಯ್ದವಳು ನನ್ನ ಮಗಳು; ಪಾಳಿಯ ನಡುವೆ ಸಿಕ್ಕ ಬಿಡುವಿನಲ್ಲಿ, ಖಾಕಿ ಅಂಗಿ ಬದಲಿಸದೆ, ಅರ್ಧ ಗಂಟೆಯಲ್ಲಿ ಹೋಗಿ ಬಂದಳು. ಅಂಗಡಿಯವನ ಟ್ಯೂಬನ್ನು ಡಾಕ್ಟರಮ್ಮ ಕಸದ ಬುಟ್ಟಿಗೆ ಹಾಕಿದರಂತೆ. ಅದರಲ್ಲಿ ಕೆಂಪನ್ನು ಮರೆಸುವ ಬೇರೊಂದು ಔಷಧಿ ಸೇರಿರುತ್ತದೆ, ಅದು ಮೇಲೆ ತಣ್ಣಗೆ ಮಾಡಿ ಒಳಗೊಳಗೇ ಬೆಳೆಯಲು ಬಿಡುತ್ತದೆ, ಎಂದು ಬೈದರಂತೆ. ಹೊಸ ಟ್ಯೂಬು ಬಂತು. ಮಗಳು ಮತ್ತೆ ಕೆಲಸಕ್ಕೆ ಓಡುವ ಮುನ್ನ ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದಳು: ದಿನಕ್ಕೆ ಎರಡು ಸಲ. ಮಚ್ಚೆಯ ಮೇಲೆ. ಸುತ್ತಲೂ ಸ್ವಲ್ಪ.

ಮೊದಲ ಎರಡು ಸೂಚನೆಗಳ ಬಗ್ಗೆ ನನ್ನ ತಕರಾರಿರಲಿಲ್ಲ. ಮೂರನೆಯದು ನನ್ನಂಥವನಿಗೆ ಕೊಡುವ ಸೂಚನೆಯಲ್ಲ. ನಮ್ಮ ಕಚೇರಿಯಲ್ಲಿ ಸ್ವಲ್ಪ ಎಂಬ ಅಳತೆಯೇ ಇರಲಿಲ್ಲ. ಒಬ್ಬರ ಹೊಲಕ್ಕೆ ತುಂಬುವ ಹಸಿರು ಬಣ್ಣ ಎಲ್ಲೆಗೆರೆ ದಾಟಿ ಕೂದಲೆಳೆಯಷ್ಟು ಪಕ್ಕದ ಹೊಲಕ್ಕೆ ಹರಿದರೂ ಎರಡು ಮನೆತನಗಳು ಮೂರು ತಲೆಮಾರು ಕೋರ್ಟಿಗೆ ಅಲೆಯುತ್ತವೆ ಎಂದು ನಮಗೆ ಕಲಿಸಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಮ್ಮೆ ಹಾಗೆ ಹದ್ದು ಮೀರಿದಾಗ ಮೇಲಧಿಕಾರಿ ನನ್ನ ಹಾಳೆಯನ್ನು ಎಲ್ಲರೆದುರು ಎರಡಾಗಿ ಹರಿದಿದ್ದರು. ಆಮೇಲಿನ ಮೂವತ್ತೇಳು ವರ್ಷಗಳಲ್ಲಿ ನನ್ನ ಬಣ್ಣ ಗೆರೆ ದಾಟಿದ ಉದಾಹರಣೆಯಿಲ್ಲ. ಈಗ ಮುಲಾಮು ದಾಟೀತೆ?

ಹೀಗಾಗಿ ನಾನೊಂದು ಕ್ರಮ ಕಟ್ಟಿಕೊಂಡೆ. ಭಾನುವಾರ ಬೆಳಿಗ್ಗೆ, ಸ್ನಾನವಾದ ಮೇಲೆ, ಕಿಟಕಿಯ ಬೆಳಕಿಗೆ ಚೂಟಿಯ ಎಡಗೈ ಚಾಚಿಸಿ, ಹೊರ ಅಂಚನ್ನು ನೇರಳೆ ಶಾಯಿಯಿಂದ ಗುರುತಿಸುವುದು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಗೆರೆಯನ್ನು ಎತ್ತಿಕೊಂಡು, ಮೂಲೆಯಲ್ಲಿ ತಾರೀಖು, ಉತ್ತರ ದಿಕ್ಕಿನ ಬಾಣ, ಅಳತೆಪಟ್ಟಿ ಹಾಕುವುದು. ಉತ್ತರವೆಂದರೆ ಮೊಣಕೈ ಎಂದು ಗೊತ್ತುಮಾಡಿಕೊಂಡಿದ್ದೆವು. ಆಮೇಲೆ, ಕೂದಲಿನಷ್ಟು ಸಣ್ಣ ತುದಿಯ ಕುಂಚಕ್ಕೆ ಮುಲಾಮು ತೆಗೆದುಕೊಂಡು, ಗೆರೆಯ ಒಳಮೈಗೆ ಸರಿಯಾಗಿ, ಒಂದಿನಿತೂ ಹೊರಗೆ ಹೋಗದಂತೆ ತುಂಬುವುದು. ಉಳಿದ ದಿನಗಳಲ್ಲೂ ಎರಡು ಹೊತ್ತು ಇದೇ ಕುಂಚ, ಇದೇ ಗೆರೆ. ಮುಲಾಮು ಒಣಗಲು ಐದು ನಿಮಿಷ ಅವಳು ಅಲುಗಾಡದೆ ಕೂರಬೇಕು. ಕೂರಿಸುವುದಕ್ಕೆ ನನ್ನ ಕೈಗಡಿಯಾರ ಬಿಚ್ಚಿ ಅವಳಿಗೆ ಕೊಡುತ್ತಿದ್ದೆ. ಅದು ಅವಳಿಗೆ ಎಂದಿನಿಂದಲೂ ಪ್ರಿಯ. ಆ ವರ್ಷದ ಮೊದಲಿನಿಂದಲೇ ಅದನ್ನು ಕಟ್ಟಿಕೊಂಡು ದೊಡ್ಡವರಾಟ ಆಡುತ್ತಿದ್ದಳು. ಮಣಿಕಟ್ಟಿಗೆ ಸಡಿಲವಾದ್ದರಿಂದ ಮುಂಗೈಯ ಮೇಲಕ್ಕೆ ಜಾರಿಸಿಕೊಳ್ಳುತ್ತಿದ್ದಳು. ಈಗ ಎಡಗೈ ಔಷಧಿಯದಾದ್ದರಿಂದ ಬಲಗೈಗೆ ಏರಿಸಿಕೊಂಡು, ಸೆಕೆಂಡಿನ ಮುಳ್ಳು ಐದು ಸುತ್ತು ಸುತ್ತುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ನಾಲ್ಕನೆಯ ಭಾನುವಾರ ಬಲ ಮುಂಗೈಯ ಮೇಲೆ ಎರಡನೆಯ ವೃತ್ತ ಕಂಡಿತು.

ನಾನು ಎದೆಗುಂದಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಗುಂದಲಿಲ್ಲ. ಅದಕ್ಕೂ ಒಂದು ಹಾಳೆ ತೆರೆದೆ. ಆ ವೇಳೆಗೆ ಹಾಳೆಗಳನ್ನೆಲ್ಲ ದಾರ ಹಾಕಿ ಹೊಲಿದು, ಗಟ್ಟಿ ರಟ್ಟಿನ ಹೊದಿಕೆ ಕೊಟ್ಟು, ಒಂದು ಪುಟ್ಟ ನಕ್ಷೆಪುಸ್ತಕವನ್ನೇ ಮಾಡಿದ್ದೆ. ದ್ವೀಪ ಪ್ರತಿ ವಾರ ಅಳತೆಪಟ್ಟಿಯ ಎರಡು ಗೆರೆಯಷ್ಟು ದೊಡ್ಡದಾಗುತ್ತಿದೆ ಎಂಬುದು ಅದರಲ್ಲಿ ಯಾವ ಸಂದೇಹಕ್ಕೂ ಆಸ್ಪದವಿಲ್ಲದಷ್ಟು ಸ್ಪಷ್ಟವಾಗಿತ್ತು. ನಡುವಿನ ಬಯಲು ಮಾತ್ರ ದಿನೇ ದಿನೇ ತಿಳಿಯಾಗುತ್ತಿತ್ತು. ಔಷಧಿ ಕೆಲಸ ಮಾಡುತ್ತಿದೆ ಎನ್ನಲು ನನಗೆ ಅಷ್ಟು ಸಾಕಾಗಿತ್ತು. ಮಗಳು ಒಮ್ಮೆ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚುತ್ತಾ ಪುಟ ತಿರುಗಿಸಿ ನೋಡಿದಳು. ಕೈ ಗುಣ ಮಾಡಲು ಹೇಳಿದರೆ ಅದಕ್ಕೆ ಹಕ್ಕುಪತ್ರ ಬರೆದುಕೊಡುತ್ತಿದ್ದೀರಲ್ಲ ಅಪ್ಪಾ, ಎಂದು ಅವಳು ಅಂದದ್ದನ್ನು ನಾನು ಪಾಳಿಯ ಆಯಾಸಕ್ಕೆ ಸೇರಿಸಿ ಸುಮ್ಮನಾದೆ.

ಪರೀಕ್ಷೆಗೆ ಎರಡು ವಾರ ಉಳಿದಾಗ ಡಾಕ್ಟರಮ್ಮನನ್ನು ಮತ್ತೆ ಕಾಣುವ ದಿನ ಬಂತು. ಮಗಳಿಗೆ ಪಾಳಿ ಬದಲಾಗಿ, ಹೋಗುವ ಸರದಿ ನನ್ನದಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಕ್ಷೆಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಕಾಯುವ ಕೋಣೆಯಲ್ಲಿ ತಿಳಿ ಹಸಿರು ಬಣ್ಣದ ಗೋಡೆ, ಸಾಲಾಗಿ ತಿರುಪು ಹಾಕಿ ಬಿಗಿದ ಕುರ್ಚಿಗಳು, ಒಬ್ಬರ ಕೈ ಒಬ್ಬರಿಗೆ ತಾಕದಂತೆ ಕೂತ ಜನ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರೂ ಎಲ್ಲರ ಕೈಕಾಲು ನೋಡುತ್ತಾರೆ. ಚೂಟಿ ಉದ್ದ ತೋಳನ್ನು ಬೆರಳ ಗಿಣ್ಣಿನವರೆಗೆ ಎಳೆದುಕೊಂಡು ನನಗೆ ಒತ್ತಿ ಕೂತಳು. ಇವತ್ತು ಚೀಟಿ ಕೊಡ್ತಾರಾ ಅಜ್ಜ, ಎಂದು ಮೂರು ಸಲ ಕೇಳಿದಳು. ಮೂರು ಸಲವೂ ನಾನು ಪುಸ್ತಕದ ಹೊದಿಕೆಯನ್ನು ಸವರಿದೆ.

ಡಾಕ್ಟರಮ್ಮನಿಗೆ ನನ್ನ ಮಗಳಿಗಿಂತ ಕಡಿಮೆ ವಯಸ್ಸು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ, ಅವಸರವಿಲ್ಲದೆ ನೋಡಿದರು. ತಮ್ಮ ಇಡೀ ವೃತ್ತಿಯಲ್ಲಿ ಇಷ್ಟು ಚೆಂದದ ದಾಖಲೆ ಕಂಡಿಲ್ಲ ಎಂದರು. ನಾನು ವಿನಯದಿಂದ ಕಿಟಕಿಯ ಕಡೆ ನೋಡಿದೆ. ಔಷಧಿ ಹಚ್ಚುವವರು ಯಾರು ಎಂದು ಕೇಳಿದರು. ನಾನೇ ಎಂದೆ. ಹೇಗೆ ಹಚ್ಚುತ್ತೀರಿ, ಒಮ್ಮೆ ತೋರಿಸಿ, ಎಂದರು. ಕೇಳಿಯಾರೆಂದು ಕುಂಚವನ್ನು ಜೇಬಿನಲ್ಲೇ ತಂದಿದ್ದೆ. ಕನ್ನಡಕ ಬದಲಿಸಿ, ಉಸಿರು ಬಿಗಿಹಿಡಿದು, ಗೆರೆಯ ಒಳಗೆ ಒಂದು ಸುತ್ತು ತುಂಬಿದೆ. ಒಂದು ಕಡೆಯೂ ಹೊರಗೆ ಹೋಗಲಿಲ್ಲ.

ಅವರು ಪುಸ್ತಕವನ್ನು ಮುಚ್ಚಿ ಬದಿಗಿಟ್ಟರು. ಆಮೇಲೆ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು:

"ಯಜಮಾನ್ರೇ, ಇದು ನೀವು ಗೆರೆ ಎಳೆದ ಕಡೆ ಇರಲ್ಲ. ನೀವು ಗೆರೆ ಎಳೆಯೋ ಹೊತ್ತಿಗೆ ಅದರಾಚೆ ಹೋಗಿರುತ್ತೆ. ಆರು ವಾರದಿಂದ, ಅದು ಖಾಲಿ ಮಾಡಿ ಹೋದ ಮನೆಗೆ ನೀವು ಸುಣ್ಣ ಬಳೀತಾ ಇದ್ದೀರಿ."

ಸುತ್ತಲೂ ಎರಡು ಬೆರಳಿನಷ್ಟು, ಏನೂ ಕಾಣದ ಒಳ್ಳೆಯ ಚರ್ಮದ ಮೇಲೂ ಹಚ್ಚಬೇಕು ಎಂದರು. ಕಣ್ಣಿಗೆ ಪೂರ್ತಿ ಮಾಯವಾದ ಮೇಲೂ ಎರಡು ವಾರ ಬಿಡದೆ ಹಚ್ಚಬೇಕು. ನಡುವೆ ತಿಳಿಯಾಗುವುದು ಅದರ ಸ್ವಭಾವ, ನನ್ನ ಕುಂಚದ ಗುಣವಲ್ಲ. ಇದನ್ನೆಲ್ಲ ತಾಯಿಗೆ ಹೇಳಿದ್ದೆನಲ್ಲ ಎಂದಾಗ ನನಗೆ ಫ್ರಿಜ್ಜಿನ ಬಾಗಿಲು ಕಣ್ಮುಂದೆ ಬಂತು. ಗೆರೆಯ ಒಳಗಿರುವುದೇ ವಸ್ತು, ಹೊರಗಿರುವುದು ಬೇರೆಯವರದು, ಎಂದು ನಂಬಿ ಒಂದು ಜೀವಮಾನ ದುಡಿದವನು ನಾನು. ಯಾರದೂ ಅಲ್ಲದ ಆ ಎರಡು ಬೆರಳಿನ ಜಾಗದಲ್ಲೇ ಎಲ್ಲ ನಡೆಯುತ್ತಿತ್ತು. ಇದನ್ನೇ ಯಾರಾದರೂ ಕವಿತೆಯಲ್ಲಿ ಹೇಳಿದ್ದರೆ ಅಡಿಗೆರೆ ಎಳೆದು ಮೆಚ್ಚಿಕೊಳ್ಳುತ್ತಿದ್ದೆ.

ಡಾಕ್ಟರಮ್ಮ ಈಗ ಬಲಗೈಯ ಹೊಸ ವೃತ್ತವನ್ನು ನೋಡುತ್ತಿದ್ದರು. ಇದು ಎಲ್ಲಿಂದಲೋ ಮತ್ತೆ ಮತ್ತೆ ಬರುತ್ತಿದೆ, ಎಂದರು. ಮನೆಯಲ್ಲಿ ಬೆಕ್ಕು ಇದೆಯೆ? ಇಲ್ಲ. ನಾಯಿ? ಇಲ್ಲ. ಟವೆಲು ಬೇರೆಯೆ? ಮೊದಲ ದಿನದಿಂದ ಬೇರೆ. ಅವಳದಕ್ಕೆ ಕೆಂಪು ದಾರದ ಗುರುತನ್ನೂ ಹಾಕಿದ್ದೆ. ಮನೆಯಲ್ಲಿ ಇನ್ನು ಯಾರಿಗಾದರೂ ಇಂಥದ್ದು ಇದೆಯೆ? ಯಾರಿಗೂ ಇಲ್ಲ ಎಂದು ನಾನು ಗಟ್ಟಿಯಾಗಿ ಹೇಳಿದೆ. ನನ್ನ ಪಕ್ಕದಲ್ಲಿ ಚೂಟಿ ನೆಲ ನೋಡುತ್ತಾ, ತೋಳಿನ ತುದಿಯನ್ನು ತಿರುಚುತ್ತಾ ಕೂತಿದ್ದಳು. ಡಾಕ್ಟರಮ್ಮ ಅವಳನ್ನು ನೋಡಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು. ಹುಡುಗಿ ನನ್ನ ಕಡೆಗೆ ತಿರುಗಲಿಲ್ಲ.

"ಅಜ್ಜನ ವಾಚಿನ ಕೆಳಗೆ ಒಂದಿದೆ," ಎಂದಳು.

ನನ್ನ ಕೈಗಡಿಯಾರದ ಚರ್ಮದ ಪಟ್ಟಿಯ ಕೆಳಗೆ ಮೂರು ವರ್ಷದಿಂದ ಒಂದು ತುರಿಕೆ ಇತ್ತು, ನಿಜ. ಅದು ಬೆವರಿನ ಗುರುತು ಎಂದು ನಾನು ತೀರ್ಮಾನಿಸಿಯಾಗಿತ್ತು. ಕಾಲವೇ ಮಣಿಕಟ್ಟನ್ನು ತುರಿಸುತ್ತದೆ ಎಂಬರ್ಥದ ಎರಡು ಸಾಲನ್ನೂ ಅದರ ಮೇಲೆ ಕಟ್ಟಿ, ನಮ್ಮ ಗೆಳೆಯರ ಗುಂಪಿನಲ್ಲಿ ಓದಿ, ಹೌದು ಹೌದು ಅನ್ನಿಸಿಕೊಂಡಿದ್ದೆ. ಡಾಕ್ಟರಮ್ಮ ಪಟ್ಟಿಯನ್ನು ಬಿಚ್ಚಿಸಿದರು. ಅಲಗಿನಿಂದ ಅಂಚನ್ನು ಮೆಲ್ಲಗೆ ಕೆರೆದು ಗಾಜಿನ ಚೂರಿನ ಮೇಲೆ ಉದುರಿಸಿಕೊಂಡು, ಒಳಗಿನ ಕೋಣೆಗೆ ಹೋಗಿ ಬಂದು, ಎರಡೂ ಒಂದೇ ಬಳಗ ಎಂದರು. ಹಳೆಯ ಸರ್ವೆಯ ಹಾಳೆಯ ಮೇಲೆ ಹೊಸದನ್ನು ಹಾಸಿ, ಎರಡರ ಗೆರೆಯನ್ನೂ ಬೆಳಕಿಗೆ ಹಿಡಿದು ನೋಡುವುದು ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಸುವ ಪಾಠ. ಮಗುವಿನ ಮುಂಗೈಯ ಮೇಲೆ ನನ್ನ ಗಡಿಯಾರ ಕೂರುವ ಜಾಗ, ದ್ವೀಪ ಎದ್ದ ಜಾಗ, ಇವೆರಡನ್ನು ನಾನು ಒಮ್ಮೆಯೂ ಒಂದರ ಮೇಲೊಂದು ಇಟ್ಟು ನೋಡಿರಲಿಲ್ಲ. ರೋಗ ಕೊಟ್ಟವನು ನಾನು. ಔಷಧಿ ಒಣಗಲಿ ಎಂದು ದಿನಕ್ಕೆರಡು ಸಲ, ಐದೈದು ನಿಮಿಷ, ಗಡಿಯಾರ ನೋಡಿ ಮತ್ತೆ ಕೊಟ್ಟವನೂ ನಾನೇ.

ಮೊದಲೇ ಯಾಕೆ ಹೇಳಲಿಲ್ಲ ಮಗೂ, ಎಂದೆ.

"ಹೇಳಿದ್ರೆ ನಿನ್ನನ್ನೂ ಕಿಟಕಿ ಹತ್ರ ಕೂರಿಸ್ತಾರೆ ಅಂತ."

ನಾನು ಅವಳಿಗೆ ಧೈರ್ಯ ತುಂಬುತ್ತಿದ್ದೇನೆಂದು ತಿಳಿದಿದ್ದ ಅಷ್ಟೂ ವಾರ ಅವಳು ನನ್ನನ್ನು ಕಾಯುತ್ತಿದ್ದಳು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದವರು ಹಾಗೇ ಹಿಡಿದುಕೊಂಡು, ಯಾವ ಕಿಟಕಿ ಎಂದು ಕೇಳಿದರು. ಚೂಟಿ ಎಲ್ಲವನ್ನೂ ಹೇಳಿದಳು: ಟೀಚರು, ಭೂಗೋಳದ ಗುಂಡು, ಪೆನ್ಸಿಲ್, ಎಡತುದಿ, ಚೀಲ ಕಟ್ಟಿ ಕಾದಿರುವ ಹುಡುಗಿ. ಹೇಳುತ್ತಾ ಅಳಲಿಲ್ಲ. ಹೇಳಿ ಮುಗಿಸಿದ ಮೇಲೆ ಅತ್ತಳು. ಡಾಕ್ಟರಮ್ಮ ಒಂದು ಹಾಳೆ ಹರಿದು ಅಲ್ಲೇ ಬರೆದರು. ಔಷಧಿ ಸರಿಯಾಗಿ ಶುರುವಾಗಿ, ಮೇಲೆ ಬಟ್ಟೆ ಮುಚ್ಚಿದ್ದರೆ ಮಗುವನ್ನು ಬೇರೆ ಕೂರಿಸುವ ಅಗತ್ಯವೇ ಇಲ್ಲ. ಎಂದಿನ ಜಾಗದಲ್ಲಿ ಕೂರಬಹುದು. ಮುದ್ರೆ ಒತ್ತಿ ಕೊಡುತ್ತಾ, ಈ ಚೀಟಿಯನ್ನು ಆರು ವಾರದ ಹಿಂದೆಯೇ ಕೊಡುತ್ತಿದ್ದೆ, ಯಾರೂ ಕೇಳಲಿಲ್ಲ, ಎಂದರು. ನಮ್ಮ ಮನೆಯಲ್ಲಿ ಎಲ್ಲರೂ ವಾಸಿಯಾದ ಮೇಲಿನ ಚೀಟಿಗೆ ಕಾದಿದ್ದೆವು. ನಾನಂತೂ ಅದಕ್ಕೆ ಆಧಾರವಾಗಿ ಇಡೀ ಪುಸ್ತಕವನ್ನೇ ಸಿದ್ಧಪಡಿಸಿದ್ದೆ.

ಸಂಜೆ ಮಗಳು ಪಾಳಿ ಮುಗಿಸಿ ಬಂದು ಎಲ್ಲವನ್ನೂ ಕೇಳಿದಳು. ಮೊದಲು ತಾನೇ ನೆಟ್ಟಗೆ ಬರೆದು ಅಂಟಿಸಬೇಕಿತ್ತು ಎಂದು ಹಣೆ ಒತ್ತಿಕೊಂಡಳು. ಆಮೇಲೆ ನಗು ತಡೆಯಲಾಗದೆ ಗೋಡೆಗೆ ಒರಗಿದಳು. "ಊರಿಗೆಲ್ಲ ನಕ್ಷೆ ಬರೆದ್ರಿ ಅಪ್ಪಾ, ನಿಮ್ಮ ಮಣಿಕಟ್ಟೊಂದು ಸರ್ವೆಯಿಂದ ತಪ್ಪಿಸ್ಕೊಂಡ್ತು ನೋಡಿ." ಗಡಿಯಾರದ ಪಟ್ಟಿ ಕಸಕ್ಕೆ ಹೋಯಿತು. ದಿಂಬಿನ ಚೀಲಗಳು ಕುದಿಯುವ ನೀರಿಗೆ ಹೋದವು. ಹುಡುಗಿ ಟ್ಯೂಬು ಹಿಡಿದು ನನ್ನ ಎದುರಿಗೆ ಬಂದು ಕೂತು, ಕೈ ಚಾಚು ಎಂದಳು. ಕುಂಚವನ್ನು ಕೊಡಹೋದರೆ ಬೇಡವೆಂದು ತಲೆಯಾಡಿಸಿ, ಬೆರಳಿನಲ್ಲೇ ತೆಗೆದು, ಮಣಿಕಟ್ಟಿನಿಂದ ಶುರುಮಾಡಿ ಅಂಗೈವರೆಗೆ ಒಂದು ಕಡೆ, ಮೊಣಕೈಗೆ ಅರ್ಧ ದಾರಿಯವರೆಗೆ ಇನ್ನೊಂದು ಕಡೆ ಬಳಿದಳು. ಡಾಕ್ಟರಮ್ಮ ಹೇಳಿದ್ದು ಎರಡೇ ಬೆರಳು, ಎಂದೆ. ಅಮ್ಮ ಬರೆದಿದ್ದು ಸ್ವಲ್ಪ ಅಂತ, ಎಂದಳು. ಸ್ವಲ್ಪ ಅಂದರೆ ಎಷ್ಟು ಎಂದು ನಾನು, ಮೂವತ್ತೆಂಟು ವರ್ಷದ ಅಭ್ಯಾಸ ಬಿಡಲಾರದೆ, ಕೇಳಿದೆ.

"ಸಾಕು ಅನ್ಸುತ್ತಲ್ಲ ಅಜ್ಜ, ಅಲ್ಲಿಂದ ಇನ್ನೊಂಚೂರು."

ಸೋಮವಾರ ಚೀಟಿ ಶಾಲೆಗೆ ಹೋಯಿತು. ಟೀಚರು ಎರಡು ಸಲ ಓದಿ, ತಮಗೆ ಇದು ತಿಳಿದಿರಲಿಲ್ಲ ಎಂದು ಚೂಟಿಯ ತಲೆ ಸವರಿದರಂತೆ. ಭೂಗೋಳದ ಗುಂಡು ತನ್ನ ಮೇಜಿಗೆ ಮರಳಿತಂತೆ. ಪೆನ್ಸಿಲ್ ಮೊದಲು ಮಾಡಿದ ಕೆಲಸವೆಂದರೆ, ಬಟ್ಟೆ ಸರಿಸಿ ದ್ವೀಪ ತೋರಿಸು ಎಂದು ಪೀಡಿಸಿದ್ದು. ತೋರಿಸಿದಾಗ, ಇಷ್ಟೇನಾ, ಎಂದಳಂತೆ. ಇದನ್ನೆಲ್ಲ ಚೂಟಿ ಊಟದ ಡಬ್ಬಿಯನ್ನೂ ಕೆಳಗಿಡದೆ, ಬಾಗಿಲಲ್ಲೇ ನಿಂತು ಹೇಳಿದಳು. ಎರಡು ವಾರದ ನಂತರ ಅವಳು ಎಡತುದಿಯಲ್ಲೇ ಕೂತು ಪರೀಕ್ಷೆ ಬರೆದಳು. ಗಣಿತದಲ್ಲಿ ಇಬ್ಬರದೂ ಒಂದೇ ತಪ್ಪು ಉತ್ತರ ಬಂದು ಇಬ್ಬರಿಗೂ ಬೈಗುಳವಾಯಿತು.

ಇನ್ನು ನನ್ನ ಸಂಗತಿ. ಪ್ರತಿ ಗುರುವಾರ ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾವು ಐವರು ನಿವೃತ್ತರು ಕೂಡಿ ಕವಿತೆ ಓದುತ್ತೇವೆ. ಒಂದು ದುಂಡು ಮೇಜು, ಐದು ಕುರ್ಚಿ, ಒಂದೇ ಪ್ರತಿ ಕೈಯಿಂದ ಕೈಗೆ. ನಮ್ಮಲ್ಲಿ ಹಿರಿಯರು ಸ್ಟೇಷನ್ ಮಾಸ್ಟರಾಗಿದ್ದವರು. ಒಂದು ಕಾಲಕ್ಕೆ ಗಾಯಗಳ ಮೇಲೆಯೇ ಹದಿನಾಲ್ಕು ಪದ್ಯಗಳ ಮಾಲೆ ಬರೆದು, ಈಗಲೂ ಸಂದರ್ಭ ಸಿಕ್ಕರೆ ಬಿಡದೆ ಓದುವವರು. ಪರೀಕ್ಷೆಯ ನಂತರದ ರಜೆಯಾದ್ದರಿಂದ ಆ ಗುರುವಾರ ಚೂಟಿಯೂ ಬಂದು, ಮೂಲೆಯಲ್ಲಿ ಬಣ್ಣದ ಕಡ್ಡಿಗಳನ್ನು ಹರಡಿಕೊಂಡಿದ್ದಳು. ಪುಸ್ತಕ ನನ್ನ ಕೈಗೆ ಬರುವ ಮುನ್ನ ನಾನು ವಿಷಯ ತಿಳಿಸಿದೆ. ಮುಚ್ಚಿಡುವುದು ಸರಿಯೆನಿಸಲಿಲ್ಲ. ಮಣಿಕಟ್ಟಿಗೆ ಕಟ್ಟಿದ ಬಟ್ಟೆಪಟ್ಟಿಯನ್ನು ತೋರಿಸಿ, ಔಷಧಿ ನಡೆದಿದೆ, ಮುಚ್ಚಿದೆ, ಭಯವಿಲ್ಲ, ಎಂದೆ.

ಎಲ್ಲರೂ ಓದಿದವರು. ಆದರೆ ಕುರ್ಚಿಗಳ ಕಾಲು ನೆಲಕ್ಕೆ ಉಜ್ಜಿದ ಸದ್ದು ಕೇಳಿಸಿತು. ದುಂಡು ಮೇಜಿನಲ್ಲಿ ನನ್ನ ಎರಡೂ ಬದಿಗೆ, ಅಳತೆ ಮಾಡಿದಂತೆ, ಜಾಗ ತೆರೆಯಿತು. ಪುಸ್ತಕ ನನ್ನನ್ನು ದಾಟಿ ಮುಂದಿನವರಿಗೆ ಹೋಯಿತು. ಸ್ಟೇಷನ್ ಮಾಸ್ಟರು ಗಂಟಲು ಸರಿಪಡಿಸಿಕೊಂಡು, ನನ್ನ ಕಣ್ಣಿನ ಬಗ್ಗೆ ಕಾಳಜಿ ತೋರಿಸಿ, "ನೀವು ಆ ಕಿಟಕಿ ಹತ್ರ ಕೂತ್ಕೊಳ್ಳಿ, ಬೆಳಕು ಚೆನ್ನಾಗಿರುತ್ತೆ," ಎಂದರು.

ನಾನು ಎದ್ದು ಕಿಟಕಿಯ ಬಳಿ ಹೋಗಿ ಕೂತೆ. ಬೆಳಕು ನಿಜಕ್ಕೂ ಚೆನ್ನಾಗಿತ್ತು.

ಮೂಲೆಯಿಂದ ಕುರ್ಚಿ ಎಳೆಯುವ ದೊಡ್ಡ ಸದ್ದು ಬಂತು. ಇಡೀ ಕೋಣೆಯ ಉದ್ದಕ್ಕೆ, ಎತ್ತದೆ, ಬೇಕೆಂದೇ ಎಳೆದುಕೊಂಡು ಬಂದು ಚೂಟಿ ಅದನ್ನು ನನ್ನ ಕುರ್ಚಿಗೆ ತಾಗಿಸಿ ಹಾಕಿದಳು. ಎಡಗಡೆಗೆ. ಕೂತು, ತನ್ನ ಪಟ್ಟಿ ಕಟ್ಟಿದ ಕೈಯನ್ನು ನನ್ನದರ ಪಕ್ಕ ಇಟ್ಟು, ಪಿಸುಗುಟ್ಟಿದಳು:

"ನೀನೂ ಒಂದು ಚೀಟಿ ಬರೆಸ್ಕೊಂಡು ಬರ್ಬೇಕಿತ್ತು ಅಜ್ಜ. ದೊಡ್ಡವರಿಗೂ ಗೊತ್ತಿರಲ್ಲ."

ಮೇಜಿನ ಬಳಿ ಓದು ಶುರುವಾಗಿತ್ತು. ಆವತ್ತು ಸ್ಟೇಷನ್ ಮಾಸ್ಟರು ತಮ್ಮ ಹದಿನಾಲ್ಕನ್ನೂ ಓದಿದರು, ಎಂದಿಗಿಂತ ಭಾವಪೂರ್ಣವಾಗಿ. ಚೂಟಿ ಗಲ್ಲಕ್ಕೆ ಕೈಯಿಟ್ಟು ಕೊನೆಯವರೆಗೂ ಕೇಳಿದಳು. ಅವಳ ಗಮನ ನೋಡಿ ನನಗೆ ಅಚ್ಚರಿಯಾಯಿತು. ಮನೆಗೆ ನಡೆಯುವಾಗ, ಹಿಡಿಸಿತೇ ಎಂದು ಕೇಳಿದೆ. ಗಾಯ ಎನ್ನುವ ಮಾತು ಮೂವತ್ತೊಂದು ಸಲ ಬಂತು, ಎಣಿಸಿದೆ, ಎಂದಳು. ಸ್ವಲ್ಪ ದೂರ ನಡೆದ ಮೇಲೆ, ಮುಲಾಮು ಒಂದು ಸಲವೂ ಬರಲಿಲ್ಲ, ಎಂದಳು.